ಅಂಟು ಒಣಗುವ ಹನ್ನೊಂದು ನಿಮಿಷ

ನನ್ನ ವಾರಗಿತ್ತಿಯನ್ನು ಅವಳು ದುಡಿಯುವ ಮುದ್ರಣಾಲಯದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅಲ್ಲಿ ಅವಳು ಅಂಚಮ್ಮ. ಹೊಲಿದು ಮುಗಿದ ಪುಸ್ತಕಗಳನ್ನು ಯಂತ್ರದ ಕತ್ತಿಯ ಕೆಳಗಿಟ್ಟು ಮೂರು ಅಂಚುಗಳನ್ನೂ ನೇರಗೊಳಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಉದ್ಯೋಗ. ಮೊದಮೊದಲು ಮನೆಯವರಾದ ನಮಗೆ ಆ ಅಡ್ಡಹೆಸರು ಹಿಡಿಸಲಿಲ್ಲ. ಕ್ರಮೇಣ ನಮ್ಮ ಅತ್ತೆಯವರೇ ಹಾಗೆ ಕೂಗತೊಡಗಿದ ಮೇಲೆ ಆಕ್ಷೇಪಿಸುವವರು ಉಳಿಯಲಿಲ್ಲ.

ಓರೆಯಾದ ಅಂಚು ಕಣ್ಣಿಗೆ ಬಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ವಿದ್ಯುತ್ ಬಿಲ್ಲು, ಮದುವೆಯ ಕರೆಯೋಲೆ, ಗೋಡೆಯ ಕ್ಯಾಲೆಂಡರು, ಯಾವುದೇ ಆಗಲಿ, ಕೈಗೆ ಸಿಕ್ಕಿದ ಕಾಗದವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕತ್ತರಿ ಹುಡುಕುತ್ತಾಳೆ. ಒಮ್ಮೆ ವೈದ್ಯರು ಬರೆದುಕೊಟ್ಟ ಚೀಟಿಯ ಬಲ ಅಂಚನ್ನು ನೇರ ಮಾಡಿದಳು. ಮಾತ್ರೆ ಊಟಕ್ಕೆ ಮುಂಚೆಯೋ ಅನಂತರವೋ ಎಂಬ ಭಾಗವೇ ಹೊರಟುಹೋದದ್ದರಿಂದ ಅತ್ತೆಯವರು ಒಂದು ವಾರ ಅದನ್ನು ಊಟದ ನಡುವೆ ನುಂಗಿದರು. ನಾನು ಮೂವತ್ತೆಂಟನೆಯ ವಯಸ್ಸಿನಲ್ಲಿ ಸಂಜೆ ಶಾಲೆಯಲ್ಲಿ ಓದಿ ಸಂಪಾದಿಸಿದ ಪ್ರಮಾಣಪತ್ರಕ್ಕೂ ಆ ಗತಿಯೇ ಒದಗಿತು. ಅದರ ಎಡ ಅಂಚು ಬಲಕ್ಕಿಂತ ಒಂದು ನೂಲಿನಷ್ಟು ಅಗಲವಿತ್ತಂತೆ. ಈಗ ನಾಲ್ಕೂ ಕಡೆ ಸಮವಾಗಿದೆ. ಮುದ್ರೆಯ ಚಂದ್ರ ಮಾತ್ರ ಸ್ವಲ್ಪ ಕ್ಷೀಣಿಸಿದ್ದಾನೆ. ಎರಡು ದಿನ ನಾನು ಅವಳೊಡನೆ ಮಾತಾಡಲಿಲ್ಲ. ಅವಳು ಅದನ್ನು ಗಮನಿಸಲಿಲ್ಲ.

ಕತ್ತರಿಸಿದ್ದನ್ನು ಬಿಸಾಡುವುದು ಅವಳ ಜಾಯಮಾನವಲ್ಲ. ಯಂತ್ರದ ಕೆಳಗೆ ದಿನವಿಡೀ ಉದುರುವ ಕಾಗದದ ಪಟ್ಟಿಗಳನ್ನು ಪ್ರತಿ ಶನಿವಾರ ಒಂದು ಚೀಲ ಮನೆಗೆ ತರುತ್ತಿದ್ದಳು. ಲೆಕ್ಕದ ಪುಸ್ತಕದ ನೀಲಿ ಅಂಚು, ಡೈರಿಯ ಕೆಂಪು ರಟ್ಟಿನ ಚೂರು, ಶಾಲಾ ನೋಟುಬುಕ್ಕಿನ ಗೆರೆಯಿದ್ದ ಬಿಳಿ, ಎಲ್ಲವೂ ಅವಳ ಮಂಚದ ಕೆಳಗಿನ ಡಬ್ಬಿಗಳಲ್ಲಿ ಬಣ್ಣದ ಪ್ರಕಾರ ವಾಸವಾಗಿದ್ದವು. ಅವುಗಳಿಂದ ಅವಳು ಶುಭಾಶಯದ ಕಾರ್ಡುಗಳನ್ನು ಮಾಡುತ್ತಿದ್ದಳು. ತೆರೆದರೆ ರೆಕ್ಕೆಯೆತ್ತುವ ಹಕ್ಕಿ, ಮುಚ್ಚಿದರೆ ಮಡಚಿಕೊಳ್ಳುವ ಕೊಡೆ, ಎಳೆದರೆ ಏಳುವ ಏಣಿ. ಅವು ಸುಂದರವಾಗಿದ್ದವೆಂಬುದನ್ನು ನಾನು ಅವಳ ಎದುರಿಗೆ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಈ ವಿದ್ಯೆಯನ್ನು ಜಗತ್ತಿಗೆ ಕಲಿಸಬೇಕೆಂಬ ಸಲಹೆ ಅವಳ ಮಗಳದು. ಮೇಜಿನ ಮೇಲೆ ಎರಡು ದಪ್ಪ ನಿಘಂಟುಗಳ ನಡುವೆ ಫೋನನ್ನು ಸಿಕ್ಕಿಸಿ, ಕೇವಲ ಕೈಗಳು ಕಾಣುವಂತೆ ವಿಡಿಯೋ ಮಾಡಿ, ಮಗಳೇ ಅಂತರ್ಜಾಲಕ್ಕೆ ಏರಿಸುತ್ತಿದ್ದಳು. ಅಂಚಮ್ಮ ಒಂದು ಮಾತೂ ಆಡುತ್ತಿರಲಿಲ್ಲ. ಕೈಗಳು ಅಳೆಯುತ್ತಿದ್ದವು, ಮಡಿಸುತ್ತಿದ್ದವು, ಅಂಟು ಹಚ್ಚುತ್ತಿದ್ದವು. ಆಮೇಲೆ ಕಾರ್ಡಿನ ಮೇಲೆ ತಕ್ಕಡಿಯ ತೂಕದ ಒಂದು ಕಬ್ಬಿಣದ ಬಟ್ಟನ್ನು ಇಟ್ಟು ಕೈಗಳು ಹೊರಟುಹೋಗುತ್ತಿದ್ದವು. ಹನ್ನೊಂದು ನಿಮಿಷ ಪರದೆಯ ಮೇಲೆ ಕಬ್ಬಿಣದ ಬಟ್ಟು ಮಾತ್ರ ಇರುತ್ತಿತ್ತು.

ಆ ಭಾಗವನ್ನು ತೆಗೆದುಹಾಕೋಣವೆಂದು ಮಗಳು ಅನೇಕ ಸಲ ಬೇಡಿಕೊಂಡಿದ್ದಳು. ಅಂಚಮ್ಮ ಒಪ್ಪಲಿಲ್ಲ. "ಒಣಗೋದನ್ನ ತೋರಿಸ್ದೆ ಇದ್ರೆ ಜನ ಒಣಗಿಸಲ್ಲ ಕಣೇ. ನಾವು ಕಾದ್ರೆ ಅವ್ರೂ ಕಾಯ್ತಾರೆ," ಎಂಬುದು ಅವಳ ಸಿದ್ಧಾಂತ. ಹನ್ನೊಂದಕ್ಕೆ ಮುಂಚೆ ಬಟ್ಟು ಎತ್ತುವವರು ಅವಳ ದೃಷ್ಟಿಯಲ್ಲಿ ಯಾವ ಕೆಲಸಕ್ಕೂ ಬಾರದವರು. ನೋಡುಗರ ಸಂಖ್ಯೆ ಇನ್ನೂರನ್ನು ದಾಟುತ್ತಿರಲಿಲ್ಲ. ಅವರಲ್ಲಿ ಎಷ್ಟು ಜನ ಬಟ್ಟನ್ನು ಕೊನೆಯ ತನಕ ನೋಡುತ್ತಿದ್ದರೋ, ನಮಗೆ ತಿಳಿಯದು.

ಹೀಗಿರಲು ಮುದ್ರಣಾಲಯಕ್ಕೆ ಹೊಸ ಮ್ಯಾನೇಜರು ಬಂದರು. ಹಳೆಯವರು ಬಾಯಿಮಾತಿನಲ್ಲಿ ಕೊಟ್ಟಿದ್ದ ಚೀಲದ ಅನುಮತಿ ಇವರಿಗೆ ಸಾಲಲಿಲ್ಲ. ಗೇಟಿನಿಂದ ಹೊರಗೆ ಹೋಗುವ ಪ್ರತಿ ವಸ್ತುವಿಗೂ ಸಹಿಯಿದ್ದ ಚೀಟಿ ಬೇಕು. ಅಂಚಮ್ಮನ ಚೀಲದ ವಿಷಯವನ್ನು ಪರಿಶೀಲಿಸಿ ತಿಳಿಸಲಾಗುವುದು ಎಂದರು. ಮೂರು ಶನಿವಾರ ಅವಳು ಬರಿಗೈಯಲ್ಲಿ ಬಂದಳು. ಅಂಗಡಿಯಲ್ಲಿ ಬಣ್ಣದ ಕಾಗದ ಸಿಗುವುದಿಲ್ಲವೇ ಎಂದು ನಾನು ಕೇಳಿದೆ. ಅವಳು ನನ್ನನ್ನು ಓರೆ ಅಂಚನ್ನು ನೋಡಿದಂತೆ ನೋಡಿದಳು. ಯಾರಿಗೂ ಬೇಡವಾದ ಚೂರಿನಿಂದ ಮಾಡುವುದೇ ಅವಳ ವಿದ್ಯೆ. ಇಡೀ ಹಾಳೆಯನ್ನು ಕತ್ತರಿಸಲು ಅವಳಿಗೆ ಕೈ ಬರುವುದಿಲ್ಲ. ಮಂಚದ ಕೆಳಗಿನ ಡಬ್ಬಿಗಳು ಒಂದೊಂದಾಗಿ ಖಾಲಿಯಾದವು. ನೀಲಿ ಮುಗಿಯಿತು, ಕೆಂಪು ತಳ ಕಂಡಿತು. ಬಿಳಿಯೂ ಮುಗಿದರೆ ಏನು ಮಾಡುವೆ ಎಂದು ಅತ್ತೆಯವರು ವಿಚಾರಿಸಿದಾಗ ಅವಳು ಎದ್ದುಹೋದಳು. ಆ ರಾತ್ರಿ ಅವಳು ಮನೆಯ ಯಾವ ಕಾಗದವನ್ನೂ ನೇರ ಮಾಡಲಿಲ್ಲ. ಅದನ್ನು ಕಂಡು ನಮಗೆ ನಿಜಕ್ಕೂ ದಿಗಿಲಾಯಿತು.

ಮೂರನೆಯ ಶನಿವಾರದ ಮರುದಿನ, ಭಾನುವಾರ, ಮಗಳು ಪರೀಕ್ಷೆಗೆಂದು ಗೆಳತಿಯ ಮನೆಯಲ್ಲಿದ್ದಳು. ಉಳಿದ ಕೆಂಪು ಚೂರುಗಳಿಂದ ಅಂಚಮ್ಮ ಒಂದು ಹಕ್ಕಿಯ ಕಾರ್ಡು ಮಾಡಿದಳು. ವಿಡಿಯೋವನ್ನು ಮೊದಲ ಬಾರಿಗೆ ತಾನೇ ಏರಿಸಿದಳು. ಮಗಳು ಪ್ರತಿ ಸಲವೂ ಏರಿಸುವ ಮುನ್ನ ಶಬ್ದವನ್ನು ತೆಗೆದುಹಾಕುತ್ತಿದ್ದ ಸಂಗತಿ ಅವಳಿಗೆ ತಿಳಿದಿರಲಿಲ್ಲ. ತನ್ನ ಫೋನು ಸ್ವಭಾವತಃ ಮಿತಭಾಷಿಯೆಂದೇ ಅವಳು ನಂಬಿದ್ದಳು.

ಆ ದಿನ ಬಟ್ಟನ್ನು ಇಟ್ಟ ಮೇಲೆ ಅವಳು ಟೀ ಕುಡಿಯಲು ಪಕ್ಕದ ಕೋಣೆಗೆ ಬಂದಳು. ಬಾಗಿಲು ತೆರೆದಿತ್ತು. ಅತ್ತೆಯವರಿಗೆ ಕಿವಿ ಮಂದ; ಆದ್ದರಿಂದ ನಮ್ಮ ಮನೆಯಲ್ಲಿ ಗುಟ್ಟನ್ನೂ ಗಟ್ಟಿಯಾಗಿಯೇ ಹೇಳಬೇಕು. ಹೊಸ ಮ್ಯಾನೇಜರು ಎಂಥವರೆಂದು ಅವರು ಕೇಳಿದರು.

"ಮನುಷ್ಯ ಕೆಟ್ಟೋನಲ್ಲ ಅತ್ತೆ. ಕಾಗದ ಮಡಿಸೋಕೆ ಬರಲ್ಲ, ಅಷ್ಟೇ," ಎಂದಳು ಅಂಚಮ್ಮ.

ಬಟ್ಟೆಗೆ ಎಳೆಯಿರುವಂತೆ ಕಾಗದಕ್ಕೂ ನಾರಿನ ಒಂದು ದಿಕ್ಕಿದೆ. ಆ ದಿಕ್ಕಿನಲ್ಲಿ ಮಡಿಸಿದರೆ ಮಡಿಕೆ ನಿಲ್ಲುತ್ತದೆ, ಅಡ್ಡಲಾಗಿ ಮಡಿಸಿದರೆ ಬಿರಿಯುತ್ತದೆ. ಹೊಸ ವರ್ಷದ ಡೈರಿಗಳಿಗೆ ಮ್ಯಾನೇಜರು ರಟ್ಟನ್ನು ಅಡ್ಡಲಾಗಿ ಕತ್ತರಿಸಲು ಆಜ್ಞಾಪಿಸಿದ್ದಾರೆಂದೂ, ಕೊಂಡವರು ನಾಲ್ಕು ಸಲ ತೆರೆಯುವಷ್ಟರಲ್ಲಿ ಡೈರಿ ಬೆನ್ನು ಮುರಿದುಕೊಳ್ಳುವುದೆಂದೂ ಅವಳು ವಿವರಿಸಿದಳು.

"ಮಡಿಸೋಕೇ ಬರದೋನನ್ನ ಮ್ಯಾನೇಜರ್ ಯಾಕ್ ಮಾಡಿದ್ರು?" ಎಂದರು ಅತ್ತೆಯವರು.

"ಮಡಿಸೋ ಕೆಲಸ ಕೊಟ್ರೆ ಹಾಳ್ಮಾಡ್ತಾನೆ ಅಂತ ಇರ್ಬೇಕು."

ಅತ್ತೆಯವರು ನಕ್ಕರು. ಅವರ ನಗು ಸುರುವಾದರೆ ನಿಲ್ಲುವುದಕ್ಕೆ ಹೊತ್ತು ಬೇಕು. ಅನಂತರ ಅವರು, ತಾವು ಎಂದೂ ನೋಡಿರದ ಆ ಮ್ಯಾನೇಜರರ ತಲೆಗೂದಲಿನ ವಿಚಾರ ಎತ್ತಿದರು. ಅದು ಸ್ವಂತದ್ದೋ ಅಂಟಿಸಿದ್ದೋ ಎಂಬ ಚರ್ಚೆ ನಡೆಯಿತು. ಆ ಹೊತ್ತಿನಲ್ಲಿ ನಾನೂ ಒಂದು ಮಾತು ಆಡಿದ್ದೇನೆ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ; ಹದಿನಾಲ್ಕು ಸಾವಿರ ಜನ ಈಗಾಗಲೇ ಕೇಳಿದ್ದಾರೆ.

ಹೌದು, ಬುಧವಾರದ ಹೊತ್ತಿಗೆ ಅಷ್ಟು ಜನ ಕೇಳಿದ್ದರು. ಮಗಳು ಮನೆಗೆ ಬಂದವಳೇ ಫೋನನ್ನು ನಮ್ಮೆದುರಿಗೆ ಹಿಡಿದಳು. ಪರದೆಯ ಮೇಲೆ ಕಬ್ಬಿಣದ ಬಟ್ಟು ಗಂಭೀರವಾಗಿ ಕುಳಿತಿತ್ತು. ಹಿಂದಿನಿಂದ ನಾವು ಮೂವರೂ ಒದರುತ್ತಿದ್ದೆವು. ಹಕ್ಕಿಯ ಬಗ್ಗೆ ಯಾರೂ ಒಂದಕ್ಷರ ಬರೆದಿರಲಿಲ್ಲ. ಅಜ್ಜಿ ಇನ್ನಷ್ಟು ಮಾತಾಡಲಿ ಎಂದು ಒಬ್ಬರು, ಕೂದಲಿನ ವಿಷಯ ಇತ್ಯರ್ಥವಾಯಿತೇ ಎಂದು ಮತ್ತೊಬ್ಬರು ಬರೆದಿದ್ದರು. ಮಗಳು ವಿಡಿಯೋವನ್ನು ಕೂಡಲೇ ಅಳಿಸಿದಳು. ಅತ್ತೆಯವರಿಗೆ ಮಾತ್ರ ತಮ್ಮ ಧ್ವನಿ ಇಷ್ಟು ಚೆನ್ನಾಗಿದೆಯೆಂದು ತಿಳಿದದ್ದು ಆಗಲೇ. ಇನ್ನೊಂದು ಸಲ ಹಾಕೆಂದರು.

ಚೀಲದ ಕಥೆ ಇಲ್ಲಿಗೆ ಮುಗಿಯಿತೆಂದು ಅಂಚಮ್ಮ ನಿಶ್ಚಯಿಸಿದಳು. ಖಾಲಿ ಡಬ್ಬಿಗಳನ್ನು ತೊಳೆದು ಒಣಗಿಸಿ ಅಡುಗೆಮನೆಗೆ ಕೊಟ್ಟಳು. ನಾನು ಅವನ್ನು ಸದ್ದಿಲ್ಲದೆ ಮತ್ತೆ ಮಂಚದ ಕೆಳಗೆ ತಳ್ಳಿದೆ.

ಗುರುವಾರ ಮ್ಯಾನೇಜರು ಅವಳನ್ನು ಕೋಣೆಗೆ ಕರೆಸಿದರು. ಅಲ್ಲಿ ನಡೆದುದನ್ನು ಅವಳು ಆ ಸಂಜೆಯೇ ನಮಗೆ ಹೇಳಿದಳು, ಒಂದು ಅಂಚೂ ಕತ್ತರಿಸದೆ. ಮ್ಯಾನೇಜರು ಕೆಲವು ವಾರಗಳಿಂದ ಆ ವಿಡಿಯೋಗಳನ್ನು ನೋಡುತ್ತಿದ್ದರಂತೆ. ತಮ್ಮ ಮಗಳ ಹುಟ್ಟುಹಬ್ಬಕ್ಕೆ ತಾವೇ ಒಂದು ಹಕ್ಕಿಯ ಕಾರ್ಡು ಮಾಡಬೇಕೆಂಬುದು ಅವರ ಆಸೆ. ಆ ಕೈಗಳು ತಮ್ಮ ಮುದ್ರಣಾಲಯದವೇ ಎಂಬುದು ಅವರಿಗೆ ಭಾನುವಾರದ ವಿಡಿಯೋ ಕೇಳುವ ತನಕ ಹೊಳೆದಿರಲಿಲ್ಲ.

"ಈ ಕೈ ನಿಮ್ದಾ?" ಎಂದು ಅವರು ಕೇಳಿದರು.

"ಕೈ ನಂದು. ಮಾತು ನಮ್ಮನೆಯೋರೆಲ್ಲಾರ್ದು."

"ನಾನು ಕಾರ್ಡ್ ಮಾಡ್ತಾ ಕೂತಿದ್ದೆ ಕಣ್ರೀ. ಬಟ್ಟಿಟ್ಟು, ನಿಮ್ಮ ಜೊತೇಲೇ ಕಾಯ್ತಿದ್ದೆ. ಎಲ್ಲಾ ಕೇಳಿಸ್ತು."

ಯಾರಾದರೂ ಈ ಹಂತದಲ್ಲಿ ಕ್ಷಮೆ ಕೇಳುತ್ತಾರೆ. ಅಂಚಮ್ಮ ಮೇಜಿನ ಮೇಲಿದ್ದ ಕಾರ್ಡನ್ನು ನೋಡಿದಳು. ಹಕ್ಕಿಯ ಎಡ ರೆಕ್ಕೆ ಬಿಟ್ಟುಕೊಂಡು ಜೋತಾಡುತ್ತಿತ್ತು.

"ಪೂರ್ತಿ ಹನ್ನೊಂದು ನಿಮಿಷ ಕಾದ್ರಾ?"

ಮ್ಯಾನೇಜರು ಜೋತ ರೆಕ್ಕೆಯನ್ನು ಬೆರಳಿನಿಂದ ಎತ್ತಿ ಹಿಡಿದರು. "ಒಂಬತ್ತು. ಆಮೇಲೆ ನಿಮ್ಮತ್ತೆ ನನ್ನ ಕೂದಲಿಗೆ ಬಂದ್ರು. ಎದ್ಬಿಟ್ಟೆ."

"ಅದಕ್ಕೇ ರೆಕ್ಕೆ ಬಿಟ್ಟಿದೆ," ಎಂದಳು ಇವಳು, ಕೆಲಸ ಕಲಿಯುವವರಿಗೆ ಹೇಳುವ ಧ್ವನಿಯಲ್ಲಿ. "ಮಡಿಕೇನೂ ನಾರಿಗೆ ಅಡ್ಡ ಹೋಗಿದೆ ಸಾರ್. ನೋಡಿ, ಬೆಳ್ಳಗೆ ಬಿರಿದಿದೆ."

ಅವರು ಮಾದರಿಗೆಂದು ಕಟ್ಟಿಸಿದ್ದ ಹೊಸ ಡೈರಿಯನ್ನು ಎಳೆದುಕೊಂಡು ಒಮ್ಮೆ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಮೂರನೆಯ ಸಲಕ್ಕೆ ಬೆನ್ನಿನ ಮೇಲೆ ಅದೇ ಬಿಳಿ ಗೆರೆ ಮೂಡಿತು. ನಾಲ್ಕು ಸಲವೆಂದು ಅಂಚಮ್ಮ ಹೇಳಿದ್ದು ಉದಾರವಾಗಿಯೇ ಇತ್ತು. ಇನ್ನೂ ಕತ್ತರಿಸದ ರಟ್ಟು ಎಷ್ಟಿದೆ ಎಂದು ಅವರು ಕೇಳಿದರು. ಮುಕ್ಕಾಲು ಪಾಲು ಹಾಗೆಯೇ ಇದೆಯೆಂದು ಅವಳು ತಿಳಿಸಿದಳು. ನಾಳೆಯಿಂದ ಅದನ್ನು ನೆಟ್ಟಗೆ ಕತ್ತರಿಸಬೇಕೆಂದು ತೀರ್ಮಾನವಾಯಿತು. ಹಕ್ಕಿಗೆ ಹೊಸ ರೆಕ್ಕೆಯನ್ನು ಅವರ ಕೈಯಿಂದಲೇ ಮಾಡಿಸಿ, ಬಟ್ಟಿನ ಬದಲು ಮೇಜಿನ ಮೇಲಿದ್ದ ಟೆಲಿಫೋನನ್ನು ಅದರ ಮೇಲೆ ಹೇರಿಸಿ, ಹನ್ನೊಂದು ನಿಮಿಷ ಇಬ್ಬರೂ ಎದುರುಬದುರು ಕುಳಿತರು. ನಡುವೆ ಟೆಲಿಫೋನು ಎರಡು ಸಲ ಬಡಿದುಕೊಂಡಿತು. ಅವಳು ಎತ್ತಗೊಡಲಿಲ್ಲ.

ಹೊರಡುವಾಗ ಅವರು ಯಾವುದೋ ಪ್ಯಾಡಿನಿಂದ ಒಂದು ಹಾಳೆಯನ್ನು ಕಿತ್ತು ಚೀಟಿ ಬರೆದುಕೊಟ್ಟರು. ಪ್ರತಿ ಶನಿವಾರ ಒಂದು ಚೀಲ, ಇನ್ನೊಂದು ಆಜ್ಞೆಯಾಗುವ ತನಕ.

ಆ ಶನಿವಾರ ಅತ್ತೆಯವರು, ಚೀಲ ನಿಜವಾಗಿಯೂ ಹೊರಬರುವುದೋ ಇಲ್ಲವೋ ಕಣ್ಣಾರೆ ನೋಡಿಕೊಂಡು ಬಾ ಎಂದು ನನ್ನನ್ನು ಗೇಟಿನ ಬಳಿಗೆ ಅಟ್ಟಿದರು. ಐದು ಗಂಟೆಗೆ ಅಂಚಮ್ಮ ಬಂದಳು. ತಿಂಗಳ ಚೂರೆಲ್ಲ ತುಂಬಿದ ಚೀಲ ಅವಳ ನಡುವಿನಷ್ಟು ದಪ್ಪಗಿತ್ತು. ಗೇಟಿನ ಕಾವಲುಗಾರ ತೂಕ ಮಾಡಿ, ಕನ್ನಡಕ ಏರಿಸಿ, ಚೀಟಿಯನ್ನು ಮೇಲಿನಿಂದ ಕೆಳಗೆ ಓದಿ, ತಿರುಗಿಸಿ ಹಿಂಭಾಗವನ್ನೂ ನೋಡಿದ.

"ಸಹಿ ಎಲ್ಲಮ್ಮಾ?"

ನಾನು ಚೀಟಿಯನ್ನು ನೋಡಿದೆ. ನಾಲ್ಕೂ ಅಂಚು ನೂಲು ಹಿಡಿದಂತಿತ್ತು. ಕಿತ್ತ ಹಾಳೆಯ ಕೆಳಗಿನ ಅಂಚು ಹರಕಾಗಿತ್ತಂತೆ. ಮಧ್ಯಾಹ್ನ ಬಿಡುವಿನಲ್ಲಿ ಅವಳು ಅದನ್ನು ಯಂತ್ರಕ್ಕೆ ಕೊಟ್ಟಿದ್ದಳು. ಸಹಿ ಇದ್ದದ್ದು ಅಲ್ಲಿಯೇ.

"ಚೀಲದಲ್ಲೇ ಇರತ್ತೆ," ಎಂದಳು ಅಂಚಮ್ಮ, ಕಾವಲುಗಾರನಿಗಲ್ಲ, ನನಗೆ.

ಚೀಲವನ್ನು ಕಾವಲು ಕೋಣೆಯ ನೆಲಕ್ಕೆ ಸುರಿದೆವು. ನಾಲ್ಕು ವಾರದ ಪಟ್ಟಿಗಳ ನಡುವೆ ಬೆರಳುದ್ದದ ಒಂದು ಸಹಿಯನ್ನು ಹುಡುಕಲು ಮಂಡಿಯೂರಿ ಕುಳಿತುಕೊಳ್ಳುವುದು ನನ್ನ ಸ್ವಭಾವಕ್ಕೆ ಒಗ್ಗುವ ಕೆಲಸವಲ್ಲ. ಆದರೂ ಅದು ಸಿಕ್ಕಿದ್ದು ನನಗೇ. ಅಂಚಮ್ಮ ಸೊಂಟದ ಜೇಬಿನಿಂದ ಅಂಟಿನ ಡಬ್ಬಿ ತೆಗೆದು, ಹಿಂಭಾಗಕ್ಕೆ ಒಂದು ಪಟ್ಟಿ ಕೊಟ್ಟು ಎರಡನ್ನೂ ಕೂಡಿಸಿ, ತಕ್ಕಡಿಯ ಎರಡು ಕಿಲೋ ಬಟ್ಟನ್ನು ಅದರ ಮೇಲಿಟ್ಟು ನಿಂತಳು.

"ಆಯ್ತು ಬಿಡಮ್ಮಾ, ನೋಡ್ದೆನಲ್ಲ. ಹೋಗಿ," ಎಂದ ಕಾವಲುಗಾರ.

"ಒಣಗ್ಲಿ," ಎಂದಳು.

ಮ್ಯಾನೇಜರ ಸ್ಕೂಟರು ಗೇಟಿಗೆ ಬಂದದ್ದು ಆಗಲೇ. ಅವರು ಬಟ್ಟನ್ನು ನೋಡಿದರು, ನೆಲದ ಮೇಲಿನ ಚೂರುಗಳನ್ನು ನೋಡಿದರು. ಕಾವಲುಗಾರ ವಿಷಯ ತಿಳಿಸಿದ. ಇನ್ನೊಮ್ಮೆ ಸಹಿ ಹಾಕಲೆಂದು ಅವರು ಪೆನ್ನು ತೆಗೆದರು. ಯಾಕೆ, ಇದೇ ನಿಲ್ಲುತ್ತದೆ ಎಂದು ಅಂಚಮ್ಮ ತಡೆದಳು. ಅವರು ಪೆನ್ನನ್ನು ಜೇಬಿಗೆ ಸೇರಿಸಿ, ಸ್ಕೂಟರಿನ ಎಂಜಿನ್ ಆರಿಸಿದರು.

"ಎಷ್ಟಾಯ್ತು?"

"ನಾಲ್ಕು."

ನಾವು ನಾಲ್ವರೂ ಬಟ್ಟಿನ ಸುತ್ತ ನಿಂತೆವು. ನಾನು ಅವರ ತಲೆಯ ಕಡೆಗೆ ನೋಡಬಾರದೆಂದು ಬಹಳ ಪ್ರಯತ್ನಪಟ್ಟೆ. ಏಳನೆಯ ನಿಮಿಷಕ್ಕೆ ಕಾವಲುಗಾರ ಮುದ್ರಣಾಲಯದ ಮಾಲೀಕರ ಬಗ್ಗೆ ಏನೋ ಹೇಳಲು ಬಾಯಿ ತೆರೆದ. ಮ್ಯಾನೇಜರು ಕೈ ಎತ್ತಿ ಅವನನ್ನು ತಡೆದು ಅಂಚಮ್ಮನತ್ತ ತಿರುಗಿದರು.

"ನಿಮ್ಮ ಫೋನ್ ಎಲ್ಲಿದೆ?"

ಮನೆಯಲ್ಲಿ ಬಿಟ್ಟುಬಂದಿದ್ದೇನೆ ಎಂದಳು. ಆಗ ಅವರು ಕಾವಲುಗಾರನಿಗೆ ತಲೆಯಾಡಿಸಿ ಅಪ್ಪಣೆ ಕೊಟ್ಟರು. ಹನ್ನೊಂದನೆಯ ನಿಮಿಷಕ್ಕೆ ಅಂಚಮ್ಮ ಬಟ್ಟನ್ನು ಎತ್ತಿ ಸಹಿಯನ್ನು ಉಗುರಿನಿಂದ ಕೆದಕಿ ನೋಡಿದಳು. ಅದು ಅಲುಗಲಿಲ್ಲ. ಆದರೆ ಮಾಲೀಕರ ಕಥೆ ಇನ್ನೂ ಅರ್ಧದಲ್ಲಿತ್ತು; ಅವಳು ನಮ್ಮ ಮುಖಗಳನ್ನು ಒಮ್ಮೆ ನೋಡಿ, ಬಟ್ಟನ್ನು ಮತ್ತೆ ಅದರ ಮೇಲೆ ಇಟ್ಟಳು.