ಯಲಹಂಕದಲ್ಲಿ ಸಿಕ್ಕ ಹೆಲ್ಮಂದದ ಬಾಂದು

ಆರ್.ಟಿ. ನಗರದಿಂದ ಯಲಹಂಕಕ್ಕೆ ಹೋಗಿಬಂದದ್ದನ್ನು ಪ್ರವಾಸ ಎಂದರೆ ನಮ್ಮ ಮನೆಯವರೇ ನಗುತ್ತಾರೆ. ನಗಲಿ. ಎಂಬತ್ತೆರಡರ ಫೆಬ್ರವರಿಯ ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾನೂ ನಾದಿರನೂ ಹೊರಟೆವು. ನಾದಿರ್ ನಮ್ಮ ಮಹಡಿ ಕೋಣೆಯ ಬಾಡಿಗೆದಾರ, ಕಾಲೇಜು ಓದಲು ಬಂದ ಅಫ್ಘನ್ ವಿದ್ಯಾರ್ಥಿ. ಎರಡು ವರ್ಷದಲ್ಲಿ ಹೋಟೆಲು, ಬಸ್ಸುಗಳಲ್ಲೇ ಕನ್ನಡ ಕಲಿತಿದ್ದ.

ಅವನ ಊರು ಸೀಸ್ತಾನ ಎಂಬ ಸೀಮೆಯಲ್ಲಿ, ಹೆಲ್ಮಂದ್ ನದಿಯ ಬದಿಗಿದೆ. ಹಿಂದೆ ಆ ನೆಲ, ನೀರಿಗಾಗಿ ಕಾಬೂಲಿನ ಅಮೀರನಿಗೂ ಪರ್ಶಿಯಾದ, ಅಂದರೆ ಈಗಿನ ಇರಾನಿನ, ಶಾಹನಿಗೂ ತಕರಾರಾದಾಗ ಪಂಚಾಯ್ತಿಗೆ ಕೂತವರು ಬ್ರಿಟಿಷರು. ರಷ್ಯದವರು ಆ ದಾರಿಯಾಗಿ ಇಂಡಿಯಾಕ್ಕೆ ನುಗ್ಗಿಬಿಟ್ಟಾರು ಎಂಬ ದಿಗಿಲು ಅವರಿಗೆ. ನದಿಯನ್ನೇ ಗಡಿ ಮಾಡಿದರು. ನದಿ ಪಾತ್ರ ಬದಲಿಸಿತು. ಮತ್ತೆ ದಂಡು ಕಟ್ಟಿಕೊಂಡು ಬಂದು ಅಳೆದರು. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವನು ನಾನು, ಇಂಥ ಅಧ್ವಾನದ ಪಾಲುಪಟ್ಟಿ ಕಂಡಿಲ್ಲ.

ಈಚೆಗೆ ಅಫ್ಘಾನಿಸ್ತಾನದಲ್ಲಿ ಯುದ್ಧ ಶುರುವಾದ ಮೇಲೆ ನಾದಿರನ ಅಮ್ಮ ಗಡಿ ದಾಟಿ ಇರಾನಿನ ಕಡೆಯಿದ್ದ ತಮ್ಮನ ಮನೆ ಸೇರಿದ್ದರು. ಚಿಕ್ಕವನಿದ್ದಾಗ ನಾದಿರ್ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಆ ಸೋದರಮಾವನ ಮನೆಗೆ ನಡೆದೇ ಹೋಗುತ್ತಿದ್ದನಂತೆ. ಈಗ ಅಮ್ಮನ ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಹೋಗುವುದರೊಳಗೆ ಬಂದು ಮುಖ ತೋರಿಸು ಎಂದು ಕಾಗದ ಬರೆಸಿದ್ದರು. ಇರಾನಿನ ವೀಸಾ ಕೇಳಿದ್ದಕ್ಕೆ ಎರಡನೇ ಸಲವೂ ಇಲ್ಲ ಎಂಬ ಉತ್ತರ ಬಂದಿತ್ತು.

ಅವನನ್ನು ಸಮಾಧಾನ ಮಾಡಲು ಹೋಗಿ ನಾನೊಂದು ಮಾತು ಆಡಿದೆ. ನಮ್ಮ ಇಲಾಖೆಯಲ್ಲಿ ಅಳತೆ ಸರಪಳಿ ಎಳೆಯುತ್ತಿದ್ದ ಬಾಷಾ ಸಾಹೇಬರು ಯಲಹಂಕದಲ್ಲಿದ್ದಾರೆ, ಅವರ ತಂದೆ ಬ್ರಿಟಿಷರ ಜೊತೆ ನಿಮ್ಮ ಹೆಲ್ಮಂದಿಗೆ ಹೋಗಿ ಬಾಂದು ಹಾಕಿ ಬಂದಿದ್ದರಂತೆ ಎಂದೆ.

ನಾದಿರ್ ಎದ್ದೇ ನಿಂತ. “ಬಂದ್? ಅಂಕಲ್, ನಮ್ಮೂರು ಬದುಕಿರೋದೇ ಬಂದ್ ಇಂದ. ಅವರ ಮನೆಗೆ ಹೋಗ್ಬೇಕು.”

ಎಷ್ಟೋ ದಿನದ ಮೇಲೆ ಅವನ ಮುಖ ಅರಳಿದ್ದು ನೋಡಿ ನಾನು ಮಾತಿನ ಕಡೆ ಗಮನ ಕೊಡಲಿಲ್ಲ.

ಹೆಬ್ಬಾಳದಲ್ಲಿ ಬಸ್ಸು ಬದಲಾಯಿಸಬೇಕಾಯಿತು. ಇಬ್ಬರದೂ ಟಿಕೆಟ್ಟು ಸೇರಿ ಎರಡು ರೂಪಾಯಿಯೊಳಗೇ. ಅಲ್ಲಿ ನಾದಿರ್ ಒಂದು ಕಿಲೋ ಕಪ್ಪು ದ್ರಾಕ್ಷಿ ಕೊಂಡ. “ದೊಡ್ಡೋರ ಮನೆಗೆ ಬರಿಗೈಲಿ ಹೋಗಬಾರ್ದು ಅಂಕಲ್.” ಕೆರೆಯ ಮೇಲಿನ ಗಾಳಿ ಕೊರೆಯುತ್ತಿತ್ತು. ಯಲಹಂಕದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಅಮ್ಮನಿಗೆ ಕಾಗದ ಬರೆದ. ನನಗೆ ಆ ಅಕ್ಷರ ಬಾರದು.

ಬಾಷಾ ಸಾಹೇಬರ ಮನೆ ಹಳೇ ಯಲಹಂಕದ ಓಣಿಯಲ್ಲಿ. ಮೊದಲೇ ಹೇಳಿಕಳಿಸಿದ್ದರಿಂದ ಎಪ್ಪತ್ತು ದಾಟಿದ ಮುದುಕರು ಬಾಗಿಲಲ್ಲೇ ಕಾದಿದ್ದರು. ನಾದಿರ್ ಅವರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. “ನಿಮ್ಮ ಅಬ್ಬಾ ಕಟ್ಟಿದ ನೀರು ಕುಡಿದು ಬೆಳೆದಿದೀನಿ.”

ಸಾಹೇಬರು ನಕ್ಕುಬಿಟ್ಟರು. “ನೀರಾ? ನೀರಿಗೂ ಅಬ್ಬಾಗೂ ಏನ್ ಸಂಬಂಧ ಬೇಟಾ? ಬಾಂದ್ ಅಂದ್ರೆ ಗಡಿ ಕಲ್ಲು! ಈ ಕಡೆ ಕಾಬೂಲು, ಆ ಕಡೆ ಇರಾನು. ಗಾರೆ ಕಲಸಿದ್ದು ನಮ್ಮ ಅಬ್ಬಾನೇ.”

ನಾದಿರನ ಭಾಷೆಯಲ್ಲಿ ಬಂದ್ ಎಂದರೆ ನೀರಿಗೆ ಅಡ್ಡ ಕಟ್ಟುವ ಒಡ್ಡು. ನಮ್ಮ ಸರ್ವೆಯವರಿಗೆ ಬಾಂದು ಎಂದರೆ ಹೊಲದಿಂದ ಹೊಲ ಬೇರೆ ಮಾಡುವ ಕಲ್ಲು. ಜೀವಮಾನವೆಲ್ಲ ಬಾಂದು ನೆಡಿಸಿದ ನನಗೆ ಇದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನಾದಿರ್ ಮೆಲ್ಲಗೆ ಮುದುಕರ ಕೈ ಬಿಟ್ಟ. ಅಮ್ಮ ಇರುವುದು ಯಾವ ಕಡೆ, ತನ್ನ ಪಾಸ್‌ಪೋರ್ಟು ಯಾವ ಕಡೆಯದು ಎಂದು ಹೇಳಿದ.

ಸಾಹೇಬರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅಪ್ಪನ ಆ ಕಥೆ ಹೇಳಿಕೊಂಡೇ ಮುದುಕರಾದವರು. “ದೊರೆ ಬೆರಳು ತೋರಿಸಿದ ಕಡೆ ಹಾಕಿದ್ರು, ಅಷ್ಟೇ. ಆ ಕಡೆ ಯಾರ ಅಮ್ಮ ಇರ್ತಾರೆ ಅಂತ ನಮಗೇನ್ ಗೊತ್ತು ಬೇಟಾ? ಮಾಫ್ ಮಾಡು.”

ಸೊಸೆ ಬಡಿಸಿದ ಕುಷ್ಕಾ ಮೂವರ ತಟ್ಟೆಯಲ್ಲೂ ಉಳಿಯಿತು. ಬೇಡವೆಂದರೂ ಕೇಳದೆ ಸಾಹೇಬರು ಕೋಲೂರಿಕೊಂಡು ಬಸ್ ಸ್ಟಾಪಿನವರೆಗೆ ಬಂದರು. ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿದ್ದರು.

ನಾದಿರ್ ಕಾಗದ ತೆಗೆದು ಓದಿ ಹೇಳಿದ: ‘ಅಮ್ಮಾ, ನಮ್ಮ ಬಂದ್ ಕಟ್ಟಿದವರ ಮಗ ಇಲ್ಲೇ ಪಕ್ಕದ ಊರಲ್ಲಿದ್ದಾರೆ. ನಿನ್ನ ಪರವಾಗಿ ಅವರ ಕೈಗೆ ಮುತ್ತಿಡಲು ಹೊರಟಿದ್ದೇನೆ.’

ಒಂದು ಗೇಣು ತಪ್ಪಿದರೂ ಮತ್ತೆ ಅಳೆಸುವವನು ನಾನು. “ಆ ಸಾಲಷ್ಟು ಹೊಡೆದು ಹಾಕಿಬಿಡಪ್ಪ” ಎಂದೆ.

“ಬೇಡ ಅಂಕಲ್. ಅಮ್ಮನಿಗೆ ನೀರು ಅಂತಾನೇ ಇರ್ಲಿ.”

ಹೆಬ್ಬಾಳದಲ್ಲಿ ಇಳಿದಾಗ ಅಂಚೆಪೆಟ್ಟಿಗೆ ಕಂಡಿತು. ನಾದಿರ್ ಲಕೋಟೆಯ ಅಂಚನ್ನು ನಾಲಿಗೆಗೆ ಒತ್ತಿ ಅಂಟಿಸಿದ. ಮೇಲೆ ಸೋದರಮಾವನ ಊರಿನ ವಿಳಾಸವಿತ್ತು. ಪೆಟ್ಟಿಗೆಯ ಬಾಯೊಳಗೆ ಅದನ್ನು ಅರ್ಧ ತೂರಿಸಿ, ಬಿಡದೆ ಹಿಡಿದುಕೊಂಡೇ ಕೇಳಿದ:

“ಇದಕ್ಕೆ ವೀಸಾ ಬೇಡ, ಅಲ್ವಾ ಅಂಕಲ್?”