ಟೀಚರಮ್ಮನ ಡಬ್ಬಿ, ನನ್ನ ಡಬ್ಬಿ

ಲೋರ್ನಾ ಟೀಚರೂ ನಾನೂ ಮೊದಲ ಸಲ ಮಾತಾಡಿದ್ದು ದಕ್ಷಿಣ ಕೊರಿಯಾದ ಮೊಕ್ಪೊ ಬಂದರಿನ ಒಂದು ಆಸ್ಪತ್ರೆಯಲ್ಲಿ, ಕಕ್ಕಸಿನ ಸಾಲಿನಲ್ಲಿ ನಿಂತಾಗ. ಇಬ್ಬರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಡಬ್ಬಿ. ಓಕ್‌ಬುನ್ ಅಜ್ಜಿಯ ಮನೆಯಲ್ಲಿ ಅಕ್ಕಪಕ್ಕದ ಕೋಣೆಗಳಲ್ಲೇ ಬಾಡಿಗೆಗಿದ್ದೆವು. ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳುತ್ತಿತ್ತು. ಆದರೂ ಚಳಿಗಾಲವಿಡೀ ಒಂದು ಮಾತಿಲ್ಲ.

“ನೀವೇನು ಮಾಡಿದ್ರಿ?” ಅಂತ ಅವರೇ ಕೇಳಿದರು. ನ್ಯೂಜಿಲೆಂಡಿನವರಾದರೂ ನಮ್ಮ ಭಾಷೆ ಚೆನ್ನಾಗಿ ಕಲಿತಿದ್ದರು.

“ಡ್ರಗ್ಸ್ ಮಾರಿ ಜೈಲಿಗೆ ಹೋದೆ. ಈಗ ಪೆರೋಲ್ ಮೇಲೆ ಹೊರಗಿದ್ದೀನಿ, ಮುಂದಿನ ವರ್ಷ ಶರತ್ಕಾಲದವರೆಗೆ. ನೀವು?”

“ನಾನಾ? ಮಕ್ಕಳಿಗೆ ಎಬಿಸಿಡಿ ಕಲಿಸಿದೆ.”

ನಗು ತಡೆಯಲಾಗಲಿಲ್ಲ. ಲೆಕ್ಕ ಹಾಕಿದರೆ ನನ್ನ ಪೆರೋಲಿನ ಷರತ್ತುಗಳೂ ಅವರ ಟೀಚರ್ ವೀಸಾದ ಷರತ್ತುಗಳೂ ಅಣ್ಣ ತಮ್ಮಂದಿರೇ. ಮನೆ ಬದಲಿಸಿದರೆ ತಿಳಿಸಬೇಕು, ಕೇಳದೆ ಬೇರೆ ಕೆಲಸಕ್ಕೆ ಸೇರಬಾರದು, ಡ್ರಗ್ಸ್ ಪರೀಕ್ಷೆಗೆ ಡಬ್ಬಿ ಕೊಟ್ಟರೆ ಮೂತ್ರ ತುಂಬಿಸಬೇಕು. ಏಡ್ಸ್ ಇದೆಯೇನೋ ಅಂತ ಅವರ ರಕ್ತವನ್ನೂ ನೋಡುತ್ತಿದ್ದರು, ನನ್ನದನ್ನು ಯಾರೂ ಕೇಳಿರಲಿಲ್ಲ. ಅವರ ಪಕ್ಕದ ತರಗತಿಯಲ್ಲಿ ಪಾಠ ಮಾಡುವ ನಮ್ಮ ದೇಶದ ಟೀಚರುಗಳಿಗೆ ಡಬ್ಬಿಯೂ ಇಲ್ಲ, ಸೂಜಿಯೂ ಇಲ್ಲ.

“ನಿಮ್ಮದು ಆ ಶರತ್ಕಾಲಕ್ಕೆ ಮುಗಿಯತ್ತೆ. ನಂದು ವರ್ಷ ವರ್ಷ ಹೊಸದಾಗಿ ಶುರು” ಅಂದರು.

ಐವತ್ತು ದಾಟಿದ ಹೆಂಗಸು. ಅಪ್ಪ ಅಮ್ಮ ತೀರಿಕೊಂಡಿದ್ದರು, ಇದ್ದೊಬ್ಬ ತಮ್ಮ ಮನೆ ಮಾರಿದ ಮೇಲೆ ಫೋನನ್ನೂ ಮಾಡುತ್ತಿರಲಿಲ್ಲ. ಶಾಲೆಯವರು ಎಲ್ಲರೂ ಸೇರಿ ಊಟಕ್ಕೆ ಹೋಗುವಾಗ ಇವರನ್ನು ಕರೆಯಲು ಮರೆಯುತ್ತಿದ್ದರು. ಅಂಗಡಿಯಿಂದ ತಂದ ತಣ್ಣನೆ ಅನ್ನದುಂಡೆ ತಿಂದು ಮಲಗುತ್ತಿದ್ದರು. ನನ್ನ ಪಾಡೂ ಅಷ್ಟೇ ಆಗಿತ್ತು. ಆಸ್ಪತ್ರೆಯಿಂದ ಬಂದ ದಿನ ಗೋಡೆ ತಟ್ಟಿ, “ಊಟ ಆಯ್ತಾ ಟೀಚರ್?” ಅಂದೆ. ಅಜ್ಜಿ ಕೇಳಿಸಿಕೊಂಡು ಇಬ್ಬರನ್ನೂ ಅಡುಗೆಮನೆಗೆ ಎಳೆದಳು. “ಒಬ್ಬೊಬ್ರೇ ತಿಂದ್ರೆ ಅನ್ನ ಮೈಗೆ ಹತ್ತಲ್ಲ ಕಣ್ರೋ. ಕೂತ್ಕೊಳಿ.” ಅಂದಿನಿಂದ ದಿನಾ ಗೋಡೆ ತಟ್ಟುವುದು, ದಿನಾ ಜೊತೆಗೆ ಊಟ.

ಮರುವರ್ಷ ಟೀಚರ ವೀಸಾ ಮುಗಿಯುವ ವಾರ. ನಾನು ಬಂದರಿನಲ್ಲಿ ಮೀನು ಇಳಿಸುವ ಕೆಲಸ ಮುಗಿಸಿ ಮಧ್ಯಾಹ್ನ ಬಂದರೆ ಒಲೆಯ ಮೇಲೊಂದು ಪಾತ್ರೆ.

“ಏನಜ್ಜಿ ಕುದಿಸಿದ್ದು?”

“ಟೀಚರಮ್ಮಂಗೆ ಹೊಟ್ಟೆ ನುಲಿತ. ಗಸಗಸೆ ದಂಟಿನ ಕಷಾಯ ಕೊಟ್ಟೆ. ಈಗ ಆರಾಮಾಗಿ ಮಲಗಿದೆ ಮಗು.”

ಅಜ್ಜಿ ದ್ವೀಪದವಳು. ಆ ಕಡೆಯ ಮುದುಕಿಯರು ಹಿತ್ತಲಲ್ಲಿ ನಾಲ್ಕು ಗಸಗಸೆ ಗಿಡ ಬೆಳೆಸಿ, ಒಣಗಿಸಿ, ಹೊಟ್ಟೆನೋವಿಗೆ ಇಟ್ಟುಕೊಳ್ಳುತ್ತಾರೆ.

“ಅಜ್ಜೀ, ಅದು ಅಫೀಮಿನ ಗಿಡ! ನಾಳೆ ಅವ್ರು ಡಬ್ಬಿ ತುಂಬಿಸ್ಬೇಕು!”

“ನಿನ್ ತಲೆ! ನನ್ ಮಕ್ಳೆಲ್ಲ ಇದನ್ನೇ ಕುಡ್ದು ಬೆಳೆದ್ವು.”

ಪರೀಕ್ಷೆ ಮುಂದೂಡಲು ವೀಸಾದಲ್ಲಿ ದಿನಗಳಿರಲಿಲ್ಲ. ಟೀಚರ ಡಬ್ಬಿಯಲ್ಲಿ ಅಫೀಮು ಸಿಕ್ಕಿತು. ವಲಸೆ ಕಚೇರಿಯಲ್ಲಿ ಏನು ಕೇಳಿದರೂ ಟೀಚರದ್ದು ಒಂದೇ ಉತ್ತರ, ಗೊತ್ತಿಲ್ಲ.

“ಅಜ್ಜಿ ಹೆಸರು ಹೇಳಿದ್ರೆ ಪೊಲೀಸ್ರು ಈ ಮನೆಗೇ ಬರ್ತಾರೆ. ಅಫೀಮು ಇರೋ ಮನೇಲಿ ನೀವಿದ್ರೆ ಮತ್ತೆ ಒಳಗೆ ಹಾಕ್ತಾರೆ” ಅಂದರು ಟೀಚರ್, ಸಂಜೆ ಅಡುಗೆಮನೆಯಲ್ಲಿ ಕೂತು.

ನನಗೆ ರೇಗಿಹೋಯಿತು. “ನನ್ ಚಿಂತೆ ನಿಮಗ್ಯಾಕ್ರೀ? ಬಾಯಿ ಬಿಟ್ಟು ಹೇಳ್ರೀ!”

ಅಜ್ಜಿ ಎಲ್ಲ ಕೇಳಿಸಿಕೊಂಡಳು. ಬೆಳಿಗ್ಗೆ ಮದುವೆಗೆ ಉಡುವ ಬಟ್ಟೆ ಉಟ್ಟು, ಹಿತ್ತಲಲ್ಲಿ ಸೋಯಾ ಸಾಸಿನ ಜಾಡಿಗಳ ಹಿಂದಿದ್ದ ಗಸಗಸೆ ಗಿಡಗಳನ್ನು ಬೇರುಸಹಿತ ಕಿತ್ತು, ಬಟ್ಟೆಯಲ್ಲಿ ಗಂಟು ಕಟ್ಟಿ ಹೊರಟಳು. ನಾನು ಹಿಂದೆಯೇ ಓಡಿದೆ. ವಲಸೆ ಕಚೇರಿಯ ಮೇಜಿನ ಮೇಲೆ ಮಣ್ಣಿನ ಸಮೇತ ಗಂಟು ಬಿಚ್ಚಿದಳು.

“ಬೆಳ್ದೋಳೂ ನಾನೇ, ಕುದಿಸ್ದೋಳೂ ನಾನೇ. ಹಿಡ್ಕೊಳ್ರಪ್ಪ.”

ಪೊಲೀಸರು ಬಂದರು. ನಾಲ್ಕೇ ಗಿಡ, ವಯಸ್ಸಾದ ಜೀವ ಅಂತ ಬೈದು ಬಿಟ್ಟರು. ನನ್ನ ಪೆರೋಲ್ ಅಧಿಕಾರಿ ನನ್ನ ಡಬ್ಬಿಯಲ್ಲಿ ಏನೂ ಇಲ್ಲದ್ದು ನೋಡಿ, ಎಚ್ಚರಿಕೆ ಕೊಟ್ಟು ಬಿಟ್ಟ. ಇನ್ನು ಟೀಚರನ್ನೂ ಬಿಡುತ್ತಾರೆ ಅಂತ ಅಜ್ಜಿ ಕಾದು ಕೂತಳು.

“ನಿಮ್ ಮಾತು ನಂಬ್ತೀವಿ ಅಜ್ಜಿ” ಅಂದ ವಲಸೆ ಕಚೇರಿಯವ. “ಆದ್ರೆ ಹೇಗೆ ಬಂತು ಅಂತ ನಿಯಮ ಕೇಳಲ್ಲ. ಮೈಯಲ್ಲಿ ಇದ್ಯಾ, ಇಲ್ವಾ, ಅಷ್ಟೇ. ಅವ್ರು ಹೋಗ್ಲೇಬೇಕು.”

“ಥೂ! ಬೆಳ್ದೋಳ್ನ ಬಿಟ್ಟು ಕುಡ್ದೋಳ್ನ ಓಡಿಸ್ತೀಯಾ?” ಅಜ್ಜಿಯ ಕೂಗು ಬೀದಿಗೆ ಕೇಳಿಸಿತು.

ಬಸ್ ನಿಲ್ದಾಣದಲ್ಲಿ ಅಜ್ಜಿ ಟೀಚರ ಚೀಲಕ್ಕೆ ಕಿಮ್ಚಿ ಉಪ್ಪಿನಕಾಯಿ ತುರುಕಿದಳು. ಅಳುತ್ತಾ ಅವರ ಕೈಯನ್ನೇ ಹೊಡೆದಳು, “ನನ್ ಹೆಸರು ಹೇಳೋಕೇನು ರೋಗ ನಿಂಗೆ?” ಎಲ್ಲಿಗೆ ಹೋಗುತ್ತೀರಿ ಅಂತ ನಾನು ಕೇಳಿದೆ.

“ಟಿಕೆಟ್‌ನಲ್ಲಿ ನ್ಯೂಜಿಲೆಂಡ್ ಅಂತಿದೆ. ಯಾರ ಮನೆಗೆ ಅಂತ ಇಲ್ಲ.”

ಶರತ್ಕಾಲದಲ್ಲಿ ನನ್ನ ಅವಧಿ ಮುಗಿಯಿತು. ಅಧಿಕಾರಿ ಕೈ ಕುಲುಕಿ, “ಇನ್ನು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು” ಅಂದ. ನನಗೆ ಹೋಗಲು ಯಾವ ಊರೂ ಇರಲಿಲ್ಲ. ಟೀಚರಿಗೆ ಇದ್ದದ್ದು ಇದೊಂದೇ ಊರು. ಕೋಣೆಗೆ ಬಂದು, ಅವರಿಗೆ ಹೇಳಬೇಕಲ್ಲ ಅಂತ ಅವರ ಖಾಲಿ ಕೋಣೆಯ ಗೋಡೆ ತಟ್ಟಿದೆ.

“ಊಟ ಆಯ್ತಾ ಟೀಚರ್?”

ಅಡುಗೆಮನೆಯಲ್ಲಿ ಅಜ್ಜಿಯ ಪಾತ್ರೆಯ ಸದ್ದು ನಿಂತಿತು. ಅಲ್ಲಿಂದ ಅಜ್ಜಿಯೇ ಉತ್ತರ ಕೊಟ್ಟಳು.

“ಇಲ್ಲ ಕಣೋ. ಬಾ.”