ಆರನೆಯ ಬೆರಳಿನ ವಂಶಾವಳಿ

ಚಪ್ಪಲಿ ಅಂಗಡಿಯವರು ಕಾಲಿನ ಉದ್ದವನ್ನು ಕೇಳುತ್ತಾರೆಯೇ ಹೊರತು ಅಗಲವನ್ನು ವಿಚಾರಿಸುವುದಿಲ್ಲ ಎಂಬ ಸತ್ಯ ನನಗೆ ಗೋಚರಿಸಿದ್ದು ಮಗಳು ಸುಧಾ ನಡೆಯಲು ಕಲಿತ ಮೇಲೆ. ಅರಸೀಕೆರೆ ಪೇಟೆಯಲ್ಲಿ ನಾನು ಮೆಟ್ಟಿಲು ಹತ್ತದ ಚಪ್ಪಲಿ ಅಂಗಡಿ ಇರಲಿಲ್ಲ. ಬಲಗಾಲಿಗೆ ಲಕ್ಷಣವಾಗಿ ಕೂರುತ್ತಿದ್ದ ಜೋಡು ಎಡಗಾಲಿನ ಪಕ್ಕಕ್ಕೆ ಬಿಗಿದು, ಸ್ವಲ್ಪ ದಿನಕ್ಕೇ ಹೊಲಿಗೆ ಬಿಡುತ್ತಿತ್ತು. ಅವಳ ಎಡಪಾದದ ಕಿರುಬೆರಳಿನಾಚೆ ಕಡಲೆಬೀಜದ ಗಾತ್ರದ, ಪುಟ್ಟ ಉಗುರನ್ನೂ ಹೊಂದಿದ್ದ ಇನ್ನೊಂದು ಬೆರಳು, ಕರೆಯದೆ ಬಂದ ನೆಂಟನ ಹಾಗೆ ಪಂಕ್ತಿಯ ಕೊನೆಯಲ್ಲಿ ಕೂತುಬಿಟ್ಟಿತ್ತು.

ಆ ಬೆರಳು ಮಗುವಿಗೆ ಯಾವ ಉಪದ್ರವವನ್ನೂ ಕೊಡಲಿಲ್ಲ. ಕೊಟ್ಟದ್ದೆಲ್ಲ ನನಗೆ.

ನಾನು ಬಸುರಿಯಾಗಿದ್ದಾಗ ಮಧ್ಯಾಹ್ನದ ಹೊತ್ತಿನಲ್ಲಿ ದೊಡ್ಡದೊಂದು ಸೂರ್ಯಗ್ರಹಣ ಬಂದಿತ್ತು. ರೇಡಿಯೊ ನಂಬುವವರೂ ಪಂಚಾಂಗ ನಂಬುವವರೂ ಜಗಳವಿಲ್ಲದೆ ಒಟ್ಟಾಗಿ ಬಾಗಿಲು ಹಾಕಿಕೊಂಡ ದಿನ ಅದು. ಕತ್ತಲೆಕೋಣೆಯಲ್ಲಿ ದೇವರ ನಾಮ ಹೇಳಿಕೊಳ್ಳುತ್ತ ಮಲಗಿದ್ದವಳು, ಗೋಡೆ ಗಡಿಯಾರದಲ್ಲಿ ಮೋಕ್ಷಕಾಲ ಕಳೆದದ್ದನ್ನು ನೋಡಿ, ತಲೆಗೆ ಸ್ನಾನ ಮಾಡಿ, ಈಳಿಗೆಮಣೆಯ ಮುಂದೆ ಕೂತು ಸೀಮೆಬದನೆಕಾಯಿ ಹೆಚ್ಚಿದೆ. ಆದರೆ ನಮ್ಮ ಮನೆಯವರದು ರೈಲ್ವೆ ಕೆಲಸ. ಮಗ ಡ್ಯೂಟಿಗೆ ತಡವಾಗಬಾರದೆಂದು ಅತ್ತೆಯವರು ಆ ಗಡಿಯಾರವನ್ನು ಸದಾ ಸ್ವಲ್ಪ ಮುಂದಕ್ಕೆ ತಿರುಗಿಸಿಡುತ್ತಿದ್ದರು. ಜಂಕ್ಷನ್ನಿನ ರೈಲುಗಳೆಲ್ಲ ಹಿಂದೆ, ನಮ್ಮ ಮನೆಯ ಗಡಿಯಾರ ಮುಂದೆ, ನಡುವೆ ಸಿಕ್ಕಿಬಿದ್ದವಳು ನಾನು. ರಾಹು ಪೂರ್ತಿ ಬಿಡುವ ಮೊದಲೇ ಸೊಸೆ ಈಳಿಗೆ ಮುಟ್ಟಿದಳು ಎಂದಾಯಿತು. ಮಗು ಹುಟ್ಟಿದಾಗ ಅದಕ್ಕೆ ಸಾಕ್ಷಿಯೂ ಸಿಕ್ಕಂತಾಯಿತು.

ಅತ್ತೆ ಕೆಟ್ಟವರಲ್ಲ. ಬಾಣಂತನದಲ್ಲಿ ನನಗೆ ತುಪ್ಪ ಬಡಿಸಿದ ಕೈ ಇನ್ನೊಂದು ಮನೆಯಲ್ಲಿ ಸಿಗುವಂಥದಲ್ಲ. ಆದರೆ ಪ್ರತಿ ಸಲ ಚಪ್ಪಲಿ ಹರಿದಾಗಲೂ, ಆವತ್ತು ಒಂದಿಷ್ಟು ಹೊತ್ತು ತಡೆದಿದ್ದರೆ ಏನಾಗುತ್ತಿತ್ತು ಎಂದು ಯಾರಿಗೂ ಅಲ್ಲದ ಹಾಗೆ ಹೇಳುತ್ತಿದ್ದರು. ನಾನೂ ನಂಬಿದ್ದೆ. ಬೇಲೂರಿನ ದೇವರಿಗೆ ಬೆಳ್ಳಿಯ ಪಾದ ಒಪ್ಪಿಸುವ ಹರಕೆ ಹೊತ್ತು, ಅಕ್ಕಸಾಲಿಗರ ಮುಂದೆ ಕೂತಾಗ ಧರ್ಮಸಂಕಟಕ್ಕೆ ಸಿಕ್ಕಿಕೊಂಡೆ: ಇರುವ ಹಾಗೆ ಆರು ಬೆರಳು ಮಾಡಿಸಲೋ, ಇರಬೇಕಾದ ಹಾಗೆ ಐದೋ? ಆರು ಮಾಡಿಸಿದರೆ ದೇವರು ಅದನ್ನೇ ಸರಿಯಾದ ಲೆಕ್ಕವೆಂದು ತಿಳಿದುಬಿಟ್ಟಾನೆಂದು ಹೆದರಿ ಐದಕ್ಕೇ ನಿಲ್ಲಿಸಿದೆ. ಅವನು ಪಾದ ತೆಗೆದುಕೊಂಡ, ಬೆರಳನ್ನು ಬಿಟ್ಟ.

ಸುಧಾ ಹಾಸನದಲ್ಲಿ ಬಿ.ಎಸ್ಸಿ. ಓದಲು ಹೋದವಳು ಒಂದು ರಜೆಯಲ್ಲಿ ಬಂದು, ನನ್ನ ಪಾಪವನ್ನು ತನ್ನ ಪಠ್ಯದಲ್ಲಿ ಕರಗಿಸಲು ನೋಡಿದಳು. ದೇಹವನ್ನು ಕಟ್ಟುವ ಸೂಚನೆಗಳು ವಂಶವಾಹಿಗಳಲ್ಲಿ ಇರುತ್ತವಂತೆ. ಪೀಳಿಗೆಯಿಂದ ಪೀಳಿಗೆಗೆ ಅವುಗಳ ನಕಲಾಗುವಾಗ ಎಲ್ಲೋ ಒಂದು ಅಕ್ಷರ ಪಲ್ಲಟವಾದರೆ ಅದೇ ಮ್ಯುಟೇಶನ್ ಅಂತೆ. ನನಗೆ ಅರ್ಥವಾದದ್ದು ರಂಗೋಲಿಯ ಮೂಲಕ. ಪಕ್ಕದ ಮನೆಯವರ ಚುಕ್ಕಿ ರಂಗೋಲಿಯನ್ನು ನೋಡಿ ಬರೆದುಕೊಳ್ಳುವಾಗ ಒಂದು ಚುಕ್ಕಿ ಹೆಚ್ಚಾದರೆ ಬಳ್ಳಿ ಬೇರೆ ಕಡೆ ತಿರುಗುತ್ತದೆ. ಆ ಮೇಲೆ ನನ್ನದನ್ನು ನೋಡಿ ಬರೆದುಕೊಂಡವರ ಅಂಗಳದಲ್ಲೆಲ್ಲ ಅದೇ ಬಳ್ಳಿ. ಕೆಲವು ಸಲ ಬಳ್ಳಿಯೇ ತುಂಡಾಗುತ್ತದೆ, ಕೆಲವು ಸಲ ಏನೂ ಗೊತ್ತಾಗುವುದಿಲ್ಲ, ಅಪರೂಪಕ್ಕೆ ಮೊದಲಿಗಿಂತ ಚೆಂದವಾಗುತ್ತದೆ. ನಮ್ಮ ಹಿತ್ತಲಿನ ಕೆಂಪು ದಾಸವಾಳದಲ್ಲಿ ಒಂದೇ ಒಂದು ಕೊಂಬೆ ತಿಳಿಗುಲಾಬಿ ಹೂ ಬಿಡುವುದೂ ಇಂಥದೇ ಎಂದಳು. ಆ ಹೂವನ್ನು ದೇವರಿಗೆ ಏರಿಸುವಾಗ ನಾನು ಎಂದೂ ಯಾವ ಗ್ರಹಣವನ್ನೂ ನೆನೆದಿರಲಿಲ್ಲ.

ಎಲ್ಲ ಪಲ್ಲಟಗಳೂ ಇಷ್ಟು ಸಾಧುವಲ್ಲ. ಹಾರನಹಳ್ಳಿಯಲ್ಲಿರುವ ನನ್ನ ತಂಗಿಯ ಓರಗಿತ್ತಿಯ ಮಗನಿಗೆ ಗಾಯವಾದರೆ ರಕ್ತ ನಿಲ್ಲುವುದಿಲ್ಲ; ಆ ತಾಯಿ ಮಗನನ್ನು ಆಡಲು ಕಳಿಸಿ ಬಾಗಿಲಲ್ಲೇ ನಿಂತಿರುತ್ತಾಳೆ. ಅದನ್ನು ನೆನೆದಾಗ, ನಮ್ಮದು ಚಪ್ಪಲಿಯೊಂದಿಗೇ ಮುಗಿಯಿತಲ್ಲ ಎಂದು ದೇವರಿಗೆ ಇನ್ನೊಂದು ಬತ್ತಿ ಹಚ್ಚಿಡುತ್ತೇನೆ.

ಇಷ್ಟಾದರೂ ಮಗಳ ವಿಜ್ಞಾನದಲ್ಲಿ ಒಂದು ತೊಡಕು ಉಳಿದಿತ್ತು. ವಂಶದಿಂದ ಬಂದದ್ದಾದರೆ ಯಾರ ವಂಶ? ನನ್ನ ತವರಿನಲ್ಲಿ ಯಾರಿಗೂ ಇಲ್ಲ. ನಮ್ಮ ಕಡೆ ಯಾರಿಗೂ ಇಲ್ಲ ಎಂದು ಅತ್ತೆಯೂ ಖಂಡಿತವಾಗಿ ಹೇಳುತ್ತಿದ್ದರು. ಹಾಗಾಗಿ ಸೀಮೆಬದನೆಕಾಯಿ ಅಪರಾಧಿಯ ಸ್ಥಾನದಲ್ಲೇ ಉಳಿಯಿತು.

ಸುಧಾಳನ್ನು ಬೇಲೂರಿಗೆ ಕೊಟ್ಟೆವು. ಅಳಿಯ ಮೇಷ್ಟರು, ಬೆರಳನ್ನು ನೋಡಿ ನಕ್ಕು ಸುಮ್ಮನಾದರು. ನನ್ನ ಎದೆ ಹೊಡೆದುಕೊಳ್ಳಲು ತೊಡಗಿದ್ದು ಅವಳು ಬಸುರಿಯಾದ ಮೇಲೆ. ಅಷ್ಟರಲ್ಲಿ ಚಂದ್ರಗ್ರಹಣವೊಂದು ಬಂತು. ಈ ಮಹಾತಾಯಿ ಗ್ರಹಣ ನಡೆಯುತ್ತಿರುವಾಗಲೇ ಮಾವಿನಕಾಯಿ ಹೆಚ್ಚಿ ಉಪ್ಪುಖಾರ ಹಚ್ಚಿಕೊಂಡು ತಿಂದಳು, ಅದೂ ತನ್ನ ಅತ್ತೆಯ ಎದುರಿಗೇ. ಬೆರಳು ಬಂದರೆ ಬರಲಿ, ಮಗುವಿನ ಬಗ್ಗೆ ನನಗೆ ಭಯವಿರಲಿಲ್ಲ. ನಾನು ಒಂದು ಆಯುಷ್ಯವೆಲ್ಲ ಕೇಳಿದ ಮಾತನ್ನು ಇವಳೂ ಕೇಳಬೇಕಾಗುತ್ತದಲ್ಲ ಎಂಬುದೇ ಭಯ.

ಸೀಮಂತವನ್ನು ನಮ್ಮ ಮನೆಯಲ್ಲೇ ಮಾಡಿದೆವು. ಬಂದ ಮುತ್ತೈದೆಯರಲ್ಲಿ ಹಿರಿಯರು ಹಳೇಬೀಡಿನ ದೊಡ್ಡತ್ತೆ, ನಾನು ಈ ಮನೆಗೆ ಬರುವ ಮೊದಲೇ ಕಾಲವಾಗಿದ್ದ ಮಾವನವರ ಅಕ್ಕ. ಎಲ್ಲ ಶುಭಕಾರ್ಯಗಳಲ್ಲೂ ಅವರು ಚಾಪೆಯ ಮೇಲೆ ಎಡಗಾಲನ್ನು ಸೀರೆಯೊಳಗೆ ಮಡಿಸಿ ಕೂತು, ಬಲಗಾಲನ್ನು ಮಾತ್ರ ಮುಂದಕ್ಕೆ ಚಾಚಿ, ಒಂದಕ್ಕೆ ಅರಿಶಿನ ಹಚ್ಚಿದರೆ ಸಾಕು ಎನ್ನುತ್ತಿದ್ದರು. ಮಡಿವಂತಿಕೆಯ ಯಾವುದೋ ಪದ್ಧತಿ ಇರಬೇಕೆಂದು ನಾವ್ಯಾರೂ ಕೇಳಿದ್ದಿಲ್ಲ. ಈ ಸಲ ಮಂಡಿನೋವಿನಿಂದ ಕೆಳಗೆ ಕೂರಲಾಗದೆ ಕುರ್ಚಿ ಹಾಕಿಸಿಕೊಂಡಿದ್ದರು. ನಾನು ಅರಿಶಿನದ ಬಟ್ಟಲು ಹಿಡಿದು ಕೆಳಗೆ ಕೂತು, ಸೀರೆಯ ಅಂಚು ಸರಿಸಿ, ಎಡಪಾದಕ್ಕೂ ಅರಿಶಿನ ಸವರಿದೆ. ಕಿರುಬೆರಳು ಮುಗಿದ ಮೇಲೂ ಕೈಗೆ ಇನ್ನೊಂದು ಸಿಕ್ಕಿತು. ಮತ್ತೆ ಸವರಿದೆ.

ದೊಡ್ಡತ್ತೆ ನನ್ನ ಕಡೆ ಬಗ್ಗಿ, ಮೆಲ್ಲಗೆ, "ಎಣಿಸ್ಬೇಡ ಕಣೇ, ಆರೇ ಐತೆ" ಎಂದರು.

ಅವರ ತಂದೆಗೂ ಇತ್ತಂತೆ; ಅತ್ತೆ ಸೊಸೆಯಾಗಿ ಬರುವ ಮೊದಲೇ ಅವರು ತೀರಿಕೊಂಡಿದ್ದರಂತೆ. ಮದುವೆಯ ದಿನ ತಾಯಿ ಹೇಳಿಕೊಟ್ಟಿದ್ದರಂತೆ, ಕಾಲು ಮಡಿಸಿಕೊಂಡು ಕೂರು ಎಂದು; ಅಂದಿನಿಂದ ಮಡಿಸಿದ್ದೇ. ಸುಧಾ ಹುಟ್ಟಿದಾಗ ಹೇಳಬೇಕೆನಿಸಿತ್ತಂತೆ, ನಾಚಿಕೆಯಾಯಿತಂತೆ. ಮಾವನವರಲ್ಲೂ ನಮ್ಮ ಮನೆಯವರಲ್ಲೂ ಕಾಣಿಸಿಕೊಳ್ಳದೆ ಅಡಗಿಕೊಂಡೇ ದಾಟಿ ಬಂದು ತನ್ನಲ್ಲಿ ಇಳಿದಿದೆ, ಹಾಗೂ ಆಗುವುದುಂಟು ಎಂದು ಸುಧಾ ಹೂ ಮುಡಿದುಕೊಂಡು ಹಸೆಮಣೆಯ ಮೇಲಿಂದಲೇ ಪಾಠ ಹೇಳಿದಳು. ನನಗೆ ಪಾಠ ಕೇಳಿಸಲಿಲ್ಲ. ಎದೆಯ ಮೇಲಿಂದ ರುಬ್ಬುಗುಂಡನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಗಿ, ಅರಿಶಿನದ ಕೈಯಲ್ಲೇ ಮುಖ ಒರೆಸಿಕೊಂಡು, ಆರತಿ ಎತ್ತುವ ತನಕ ಹಳದಿ ಮುಖದಲ್ಲೇ ಓಡಾಡಿದೆ.

ನೆಂಟರು ಹೊರಟ ಮೇಲೆ ಅತ್ತೆ, ತಟ್ಟೆ ಒರೆಸುತ್ತಿದ್ದ ನನ್ನ ಹತ್ತಿರ ಬಂದು ಕೂತು, "ಗಡಿಯಾರ ಮುಂದಿಟ್ಟಿದ್ದು ನಾನಲ್ವೇನೇ. ಅದಕ್ಕೇ ಹಿಂಗಾಯ್ತು ಅಂತ ಎಷ್ಟು ಸಲ ಅತ್ತಿದ್ದೀನೋ ಆ ದೇವರಿಗೇ ಗೊತ್ತು" ಎಂದರು. ನನ್ನನ್ನು ದೂರುತ್ತಿದ್ದವರು ತಮ್ಮನ್ನೂ ಬಿಟ್ಟಿರಲಿಲ್ಲ ಎಂಬುದು ಆಗ ತಿಳಿಯಿತು. ಒಂದೇ ಕಲ್ಲನ್ನು ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಬೇರೆಬೇರೆಯಾಗಿ ಹೊತ್ತಿದ್ದೆವು.

ಸುಧಾಳಿಗೆ ಹೆಣ್ಣುಮಗು ಹುಟ್ಟಿತು. ಎಡಗಾಲಿನಲ್ಲಿ ಅದೇ ಬೆರಳು. ನೋಡಲು ಬೇಲೂರಿನಿಂದ ಬೀಗಿತ್ತಿ ಬಂದರು. ಮಗುವಿಗೆ ಹೊದೆಸಿದ್ದ ಬಟ್ಟೆ ಸರಿಸಿದವರ ಕೈ ಪಾದದ ಹತ್ತಿರ ನಿಂತಿತು. ಅವರು ಸುಧಾಳ ಕಡೆ ತಿರುಗಿ, ಆವತ್ತು ಮಾವಿನಕಾಯಿ ಹೆಚ್ಚಬೇಡ ಅಂದಿದ್ದೆ ಎಂದು ಶುರು ಮಾಡಿದ್ದೇ ತಡ, ಮೂಲೆಯಲ್ಲಿ ಹತ್ತಿಬತ್ತಿ ಹೊಸೆಯುತ್ತಿದ್ದ ನಮ್ಮತ್ತೆ ತಲೆ ಎತ್ತಿದರು.

"ಮಾವಿನಕಾಯೀದಲ್ಲ ಕಣ್ರೀ. ಅದು ನಮ್ಮನೆ ಬೆರಳು, ನಮ್ಮ ಮಾವನೋರ ಕಾಲದ್ದು. ನಮ್ಮ ಹುಡುಗೀದು ಏನೂ ತಪ್ಪಿಲ್ಲ."

ಹಾಗೆನ್ನುವಾಗ ಅವರ ಕಣ್ಣು ಸುಧಾಳ ಮೇಲಿರಲಿಲ್ಲ, ನನ್ನ ಮೇಲಿತ್ತು. ಒಲೆಯ ಮೇಲೆ ನೀರು ಕಾಯುತ್ತಿದೆ ಎಂದು ಹೇಳಿ ನಾನು ಎದ್ದು ಒಳಗೆ ಹೋದೆ.